ಕೂಡಿಸಿದರೆ ಕೆಡುವ ಆಕಾರ: ಸಮರೂಪತೆಯ ಬೋಧನೆ ಕುರಿತ ಒಂದು ಪ್ರಕರಣ ಅಧ್ಯಯನ

ಸಮರೂಪ ತ್ರಿಭುಜಗಳ ಅಧ್ಯಾಯವನ್ನು ಆರಂಭಿಸುವ ಮೊದಲು ನನ್ನ ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಪುಟ್ಟ ಪ್ರಶ್ನೆ ಕೊಟ್ಟಿದ್ದೆ. 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಒಂದು ಆಯತವಿದೆ. 9 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಆಯತ ಮತ್ತು 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಆಯತ, ಇವುಗಳಲ್ಲಿ ಯಾವುದು ಅದಕ್ಕೆ ಸಮರೂಪ ಎಂದು ಹೇಳಿ ಕಾರಣವನ್ನೂ ಬರೆಯಬೇಕಿತ್ತು. ಹೆಚ್ಚಿನವರು 9×7ರ ಆಯತವನ್ನು ಆರಿಸಿದರು. "ಎರಡು ಕಡೆಯೂ 3 ಸೆಂ.ಮೀ. ಹೆಚ್ಚಾಗಿದೆ, ಆದ್ದರಿಂದ ಆಕಾರ ಹಾಗೆಯೇ ಇದೆ" ಎಂಬುದು ಅವರ ಕಾರಣವಾಗಿತ್ತು. ಕೆಲವರು ಎರಡೂ ಸಮರೂಪ ಎಂದು ಬರೆದು, ಎಲ್ಲ ಕೋನಗಳೂ 90 ಡಿಗ್ರಿ ಇರುವುದನ್ನು ಕಾರಣವಾಗಿ ಕೊಟ್ಟರು. ಸರಿಯುತ್ತರ ಬರೆದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಈ ಮಕ್ಕಳಿಗೆ ಅನುಪಾತ ಹೊಸದಲ್ಲ. 6:4 ಮತ್ತು 9:6 ಸಮಾನುಪಾತದಲ್ಲಿವೆಯೇ ಎಂದು ನೇರವಾಗಿ ಕೇಳಿದರೆ ಅಡ್ಡ ಗುಣಾಕಾರ ಮಾಡಿ ಕ್ಷಣದಲ್ಲಿ ಹೌದು ಎನ್ನುತ್ತಾರೆ. ಅನುರೂಪ ಕೋನಗಳು ಸಮವಾಗಿದ್ದು ಅನುರೂಪ ಬಾಹುಗಳು ಸಮಾನುಪಾತದಲ್ಲಿದ್ದರೆ ಆಕೃತಿಗಳು ಸಮರೂಪ ಎಂಬ ವ್ಯಾಖ್ಯೆಯನ್ನು ಅವರಲ್ಲಿ ಹಲವರು ಮುಂಚಿತವಾಗಿಯೇ ಓದಿಕೊಂಡಿದ್ದರು. ಅಂದರೆ ಲೆಕ್ಕ ಗೊತ್ತಿತ್ತು, ವ್ಯಾಖ್ಯೆಯೂ ಗೊತ್ತಿತ್ತು, ಆದರೆ ಚಿತ್ರವನ್ನು ಕಂಡಾಗ ಅವೆರಡೂ ನೆರವಿಗೆ ಬರಲಿಲ್ಲ. ಈ ಅಂತರವನ್ನು ತುಂಬಲು ಆ ತರಗತಿಯಲ್ಲಿ ಯಾವ ಕ್ರಮವನ್ನು ಅನುಸರಿಸಲಾಯಿತು, ಅದು ಎಲ್ಲಿ ಫಲಿಸಿತು, ಎಲ್ಲಿ ಇನ್ನೂ ಕೆಲಸ ಉಳಿದಿದೆ ಎಂಬುದು ಈ ಬರಹದ ವಿಷಯ.

ಮಕ್ಕಳ ಎರಡು ಬಗೆಯ ತಪ್ಪುಗಳಿಗೆ ಬೇರು ಬೇರೆ ಬೇರೆ. ಕೋನಗಳನ್ನಷ್ಟೇ ನೋಡಿದವರು ವ್ಯಾಖ್ಯೆಯ ಅರ್ಧವನ್ನು ಬಿಟ್ಟಿದ್ದರು, ಅದನ್ನು ಸರಿಪಡಿಸುವುದು ಅಷ್ಟು ಕಷ್ಟವಲ್ಲ. 3 ಸೆಂ.ಮೀ. ಕೂಡಿಸಿದವರ ಸಮಸ್ಯೆ ಹೆಚ್ಚು ಆಳವಾದುದು, ಏಕೆಂದರೆ ಅವರು ಬಾಹುಗಳನ್ನು ಹೋಲಿಸಿಯೇ ಇದ್ದರು. ಆದರೆ ಹೋಲಿಸುವುದೆಂದರೆ ವ್ಯತ್ಯಾಸವನ್ನು ನೋಡುವುದು ಎಂದು ಅವರು ಭಾವಿಸಿದ್ದರು. ಇದು ಒಂದು ತರಗತಿಗೆ ಸೀಮಿತವಾದ ಸಂಗತಿಯೂ ಅಲ್ಲ. ಅಮೆರಿಕದಲ್ಲಿ ರಾಬರ್ಟ್ ಕಾರ್ಪ್ಲಸ್, 1970ರ ದಶಕದ ಇಂಗ್ಲೆಂಡಿನಲ್ಲಿ ಕ್ಯಾಥ್ಲೀನ್ ಹಾರ್ಟ್ ಮೊದಲಾದ ಶಿಕ್ಷಣ ಸಂಶೋಧಕರು ಪ್ರೌಢಶಾಲಾ ವಯಸ್ಸಿನ ಮಕ್ಕಳಲ್ಲಿ ಇದೇ ಕೂಡಿಸುವ ಯೋಚನೆಯನ್ನು ಗುರುತಿಸಿ ದಾಖಲಿಸಿದ್ದಾರೆ. ಮಗುವಿನ ಮೊದಲ ಗಣಿತವೇ ಕೂಡುವ ಕಳೆಯುವ ಗಣಿತ. 'ಎಷ್ಟು ಹೆಚ್ಚು' ಎಂಬ ಪ್ರಶ್ನೆ ವರ್ಷಗಟ್ಟಲೆ ರೂಢಿಯಾಗಿರುತ್ತದೆ, 'ಎಷ್ಟು ಪಟ್ಟು' ಎಂಬುದು ತಡವಾಗಿ ಬರುತ್ತದೆ.

ಹಾಗಿರುವಾಗ ಕರಿಹಲಗೆಯ ಮೇಲೆ 9/6 ಮತ್ತು 7/4 ಬರೆದು ಅವು ಸಮವಲ್ಲ ಎಂದು ತೋರಿಸಿದರೆ ಮಕ್ಕಳು ಒಪ್ಪಿ ತಲೆಯಾಡಿಸುತ್ತಾರೆ, ಆದರೆ ಒಳಗಿನ ನಂಬಿಕೆ ಅಲುಗುವುದಿಲ್ಲ. 9×7ರ ಆಯತ ಕಣ್ಣಿಗೆ 6×4ರ ಆಯತದಂತೆಯೇ ಕಾಣುವುದು ಇದಕ್ಕೆ ಮುಖ್ಯ ಕಾರಣ. ಕೂಡಿಸಿದರೆ ಆಕಾರ ಕೆಡುತ್ತದೆ ಎಂಬುದು ಮಕ್ಕಳ ಕೈಯಲ್ಲೇ, ಅವರೇ ಕತ್ತರಿಸಿದ ರಟ್ಟಿನಲ್ಲೇ ಕಾಣಬೇಕು. ಫ್ರಾನ್ಸಿನ ಗಣಿತ ಶಿಕ್ಷಣ ತಜ್ಞ ಗೀ ಬ್ರೂಸೋ ಇದಕ್ಕೆಂದೇ ತುಂಡುಗಳನ್ನು ಜೋಡಿಸುವ ಒಂದು ಒಗಟನ್ನು ರೂಪಿಸಿದ್ದರು. ಅದರಲ್ಲಿ 4 ಸೆಂ.ಮೀ. ಇರುವ ಅಂಚು 7 ಸೆಂ.ಮೀ. ಆಗುವಂತೆ ಇಡೀ ಒಗಟನ್ನು ದೊಡ್ಡದು ಮಾಡಬೇಕು. ಅದೇ ತತ್ತ್ವವನ್ನು ಇಟ್ಟುಕೊಂಡು ನಮ್ಮ ತರಗತಿಗೆ ಸರಳವಾದ ಇನ್ನೊಂದು ಒಗಟನ್ನು ಸಿದ್ಧಪಡಿಸಲಾಯಿತು.

10 ಸೆಂ.ಮೀ. ಬಾಹುವಿನ ಒಂದು ರಟ್ಟಿನ ಚೌಕ. ಅದರ ಎಡಭಾಗದಲ್ಲಿ 4 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಒಂದು ಉದ್ದ ಪಟ್ಟಿ. ಉಳಿದ 6 ಸೆಂ.ಮೀ. ಅಗಲದ ಬಲಭಾಗವನ್ನು ಮಧ್ಯದಲ್ಲಿ ಅಡ್ಡಲಾಗಿ ಸೀಳಿದರೆ 6×5ರ ಎರಡು ಆಯತಗಳು. ಅವುಗಳಲ್ಲಿ ಮೇಲಿನದನ್ನು ಕರ್ಣದ ಗುಂಟ ಕತ್ತರಿಸಿದರೆ ಎರಡು ಲಂಬಕೋನ ತ್ರಿಭುಜಗಳು. ಒಟ್ಟು ನಾಲ್ಕು ತುಂಡುಗಳು, ನಾಲ್ವರ ಗುಂಪು, ಒಬ್ಬೊಬ್ಬರಿಗೆ ಒಂದು ತುಂಡು. 4 ಸೆಂ.ಮೀ. ಇರುವ ಅಂಚು 6 ಸೆಂ.ಮೀ. ಆಗುವಂತೆ ಪ್ರತಿಯೊಬ್ಬರೂ ತಮ್ಮ ತುಂಡನ್ನು ದೊಡ್ಡದಾಗಿ ಕತ್ತರಿಸಿ ತರಬೇಕು, ಆಮೇಲೆ ಗುಂಪಿನವರು ಅವನ್ನು ಸೇರಿಸಿ ಮತ್ತೆ ಚೌಕ ಮಾಡಬೇಕು. ಕತ್ತರಿಸುವಾಗ ಪರಸ್ಪರ ನೋಡಿಕೊಳ್ಳುವಂತಿಲ್ಲ ಎಂಬ ನಿಯಮ ಇಲ್ಲಿ ಮುಖ್ಯ. ಒಬ್ಬರ ತುಂಡಿಗೆ ಹೊಂದುವಂತೆ ಇನ್ನೊಬ್ಬರು ಅಂಚನ್ನು ಸವರಿಬಿಟ್ಟರೆ ಕಲಿಯಬೇಕಾದುದು ಮರೆಯಾಗುತ್ತದೆ.

ಬಹುತೇಕ ಗುಂಪುಗಳು ಎಲ್ಲ ಅಂಚುಗಳಿಗೂ 2 ಸೆಂ.ಮೀ. ಕೂಡಿಸಿದವು. ಎಡಪಟ್ಟಿ 6×12 ಆಯಿತು, ಕೆಳಗಿನ ಆಯತ 8×7 ಆಯಿತು, ತ್ರಿಭುಜಗಳ ಲಂಬ ಅಂಚುಗಳು 8 ಮತ್ತು 7 ಆದವು. ಜೋಡಿಸಲು ಕುಳಿತಾಗ ಬಲಭಾಗದ ಎತ್ತರ 7+7, ಅಂದರೆ 14 ಸೆಂ.ಮೀ. ಬಂತು. ಎಡಪಟ್ಟಿ 12ಕ್ಕೇ ನಿಂತಿತು. ಮೇಲಿನ ಎಡ ಮೂಲೆಯಲ್ಲಿ 6 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರದ ಖಾಲಿ ಜಾಗ ಉಳಿಯಿತು. ಮಕ್ಕಳು ಮೊದಲು ದೂರಿದ್ದು ಕತ್ತರಿಯನ್ನು, ಆಮೇಲೆ ಅಳತೆಪಟ್ಟಿಯನ್ನು, ಕೊನೆಗೆ ಪಟ್ಟಿ ಕತ್ತರಿಸಿದ ಸಹಪಾಠಿಯನ್ನು. ಒಂದು ಗುಂಪಿನವರು ಹೊಸ ರಟ್ಟು ತೆಗೆದುಕೊಂಡು ಇನ್ನಷ್ಟು ಜೋಪಾನವಾಗಿ ಅದೇ ಅಳತೆಯಲ್ಲಿ ಮತ್ತೆ ಕತ್ತರಿಸಿದರು. ಅಷ್ಟೇ ಜಾಗ ಮತ್ತೆ ಖಾಲಿ ಉಳಿದಾಗಲೇ ದೋಷ ಕೈಯಲ್ಲಿಲ್ಲ, ವಿಧಾನದಲ್ಲಿದೆ ಎಂಬ ಅನುಮಾನ ಹುಟ್ಟಿತು. ಈ ಹಂತದಲ್ಲಿ ಶಿಕ್ಷಕರು ಬಾಯಿ ಬಿಡದೆ ಕಾಯುವುದು ಬಹಳ ಅಗತ್ಯ ಎಂದು ನನ್ನ ಅಭಿಪ್ರಾಯ. ಉತ್ತರ ಹೇಳಿಬಿಡುವ ಆಸೆ ಆಗುವುದೂ ಇಲ್ಲಿಯೇ.

ಮುಂದೆ ಒಬ್ಬ ಹುಡುಗ ಎರಡರಿಂದ ಗುಣಿಸಿ 2 ಕಳೆಯುವ ನಿಯಮವನ್ನು ಸೂಚಿಸಿದ, ಏಕೆಂದರೆ ಹಾಗೆ ಮಾಡಿದರೂ 4 ಎಂಬುದು 6 ಆಗುತ್ತದೆ. ಕತ್ತರಿಸುವ ಮೊದಲೇ ಲೆಕ್ಕ ಹಾಕಿ ನೋಡಲು ಹೇಳಿದಾಗ 10 ಎಂಬುದು 18 ಆಯಿತು, 5 ಎಂಬುದು 8 ಆಯಿತು, ಎರಡು 8 ಸೇರಿದರೆ 16 ಮಾತ್ರ. ಈಗ ಎಡಪಟ್ಟಿಯೇ ಉದ್ದವಾಗಿತ್ತು. ಅದೇ ಗುಂಪಿನ ಹುಡುಗಿಯೊಬ್ಬಳು ಆ ದಿನದ ಅತ್ಯಂತ ಮುಖ್ಯವಾದ ಮಾತನ್ನು ಹೇಳಿದಳು: "ಬಲಗಡೆ ಎರಡು ತುಂಡು ಇವೆ, ಎರಡಕ್ಕೂ ಕೂಡಿಸಿದ್ದೇವೆ. ಎಡಗಡೆ ಒಂದೇ ತುಂಡು, ಒಂದೇ ಸಲ ಕೂಡಿಸಿದ್ದೇವೆ. ಬಲಗಡೆ ನಾಲ್ಕು ತುಂಡು ಮಾಡಿದ್ದರೆ ಇನ್ನೂ ಉದ್ದ ಆಗ್ತಿತ್ತು ಅಲ್ವಾ?"

ಸಮರೂಪತೆಯ ತಿರುಳೇ ಆ ಮಾತಿನಲ್ಲಿದೆ. 10 ಸೆಂ.ಮೀ. ಉದ್ದವನ್ನು ಒಂದೇ ತುಂಡಾಗಿ ಹಿಗ್ಗಿಸಿದರೂ 5 ಮತ್ತು 5 ಎಂದು ಒಡೆದು ಹಿಗ್ಗಿಸಿದರೂ ಬರುವ ಉದ್ದ ಒಂದೇ ಆಗಿರಬೇಕು. ತುಂಡುಗಳ ಸಂಖ್ಯೆಯನ್ನು ಅವಲಂಬಿಸಿ ಬದಲಾಗುವ ಯಾವ ನಿಯಮವೂ ಆಕಾರವನ್ನು ಉಳಿಸಲಾರದು. ಎಲ್ಲ ಉದ್ದಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸುವ ನಿಯಮ ಮಾತ್ರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಮಕ್ಕಳು ಅಲ್ಲಿಗೆ ತಲುಪಿದ ದಾರಿ ಇನ್ನೂ ಸರಳವಾಗಿತ್ತು: 4 ಎಂಬುದು 6 ಆದರೆ 2 ಎಂಬುದು 3, ಹಾಗಾದರೆ 1 ಎಂಬುದು ಒಂದೂವರೆ. ಅಲ್ಲಿಂದ 5ಕ್ಕೆ 7.5, 6ಕ್ಕೆ 9, 10ಕ್ಕೆ 15 ತಾನಾಗಿ ಬಂದವು. 6×15ರ ಪಟ್ಟಿ, 9×7.5ರ ಆಯತ ಮತ್ತು ತ್ರಿಭುಜಗಳು 15 ಸೆಂ.ಮೀ. ಬಾಹುವಿನ ಚೌಕದಲ್ಲಿ ಸಂದಿಲ್ಲದೆ ಕುಳಿತವು. ಒಂದೂವರೆ ಎಂಬ ಆ ಸಂಖ್ಯೆಗೆ ಪ್ರಮಾಣ ಗುಣಕ ಎಂಬ ಹೆಸರನ್ನು ಆಮೇಲೆಯೇ ಕೊಡಲಾಯಿತು. ವಸ್ತು ಕೈಗೆ ಬಂದ ಮೇಲೆ ಹೆಸರು ಬಂದರೆ ಅದು ಉಳಿಯುತ್ತದೆ.

ಮರುದಿನ ಮೊದಲಿನ ಆಯತಕ್ಕೆ ಮರಳಿ ಬಂದೆವು. 6×4ರ ಆಯತದ ಎರಡೂ ಅಳತೆಗಳಿಗೆ 30 ಕೂಡಿಸಿದರೆ 36×34 ಆಗುತ್ತದೆ, ಚಿತ್ರ ಬರೆದರೆ ಅದು ಹೆಚ್ಚುಕಡಿಮೆ ಚೌಕ. ಹಿಮ್ಮುಖವಾಗಿ 3 ಕಳೆದರೆ 3×1ರ ಸಪೂರ ಪಟ್ಟಿ ಉಳಿಯುತ್ತದೆ. 4 ಕಳೆದರೆ ಉದ್ದ 2 ಇದ್ದು ಅಗಲ ಸೊನ್ನೆಯಾಗುತ್ತದೆ, ಆಯತವೇ ಇಲ್ಲವಾಗುತ್ತದೆ. ಅಳತೆಗಳು ಹತ್ತಿರ ಹತ್ತಿರ ಇದ್ದಾಗ ಮರೆಯಲ್ಲಿದ್ದ ದೋಷ ಹೀಗೆ ಎರಡು ತುದಿಗಳಿಗೆ ಒಯ್ದಾಗ ಬಯಲಾಗುತ್ತದೆ. ಅದರ ಜೊತೆಗೇ ಕರ್ಣದ ಪರೀಕ್ಷೆಯನ್ನೂ ಮಾಡಿಸಲಾಯಿತು. ಚಿಕ್ಕ ಆಯತವನ್ನು ದೊಡ್ಡದರ ಒಂದು ಮೂಲೆಗೆ ಸರಿಯಾಗಿ ಕೂರಿಸಿ, ಆ ಮೂಲೆಯಿಂದ ದೊಡ್ಡ ಆಯತದ ಕರ್ಣವನ್ನು ಎಳೆಯಬೇಕು. 9×6ರಲ್ಲಿ ಆ ಗೆರೆ ಚಿಕ್ಕ ಆಯತದ ಎದುರು ಶೃಂಗದ ಮೇಲೆಯೇ ಹಾಯುತ್ತದೆ. 9×7ರಲ್ಲಿ ಅದು ಶೃಂಗಕ್ಕಿಂತ ಸುಮಾರು 7 ಮಿ.ಮೀ. ಮೇಲೆ ಹಾದುಹೋಗುತ್ತದೆ. ಅಳತೆಪಟ್ಟಿಯಲ್ಲಿ ಏಳು ಸಣ್ಣ ಗೆರೆಗಳಷ್ಟು ಅಂತರವನ್ನು ಕಣ್ಣಾರೆ ಕಂಡ ಮೇಲೆ 9×7ರ ಪರವಾಗಿ ವಾದಿಸುವವರು ಯಾರೂ ಉಳಿಯಲಿಲ್ಲ.

ಇಷ್ಟರವರೆಗೆ ತ್ರಿಭುಜದ ಸಮರೂಪತೆಯನ್ನು ಉದ್ದೇಶಪೂರ್ವಕವಾಗಿಯೇ ಎತ್ತಿಕೊಂಡಿರಲಿಲ್ಲ. ಸಾಮಾನ್ಯವಾಗಿ ಪಾಠವು ಬೇಗನೆ ತ್ರಿಭುಜಕ್ಕೆ ಬಂದು ಅಲ್ಲೇ ಮುಂದುವರಿಯುತ್ತದೆ. ಆದರೆ ತ್ರಿಭುಜ ಒಂದು ವಿಶೇಷ ಆಕೃತಿ. ಅದರಲ್ಲಿ ಕೋನಗಳು ಸಮವಾದರೆ ಬಾಹುಗಳು ತಾವಾಗಿಯೇ ಸಮಾನುಪಾತಕ್ಕೆ ಬರುತ್ತವೆ, ಬಾಹುಗಳು ಸಮಾನುಪಾತದಲ್ಲಿದ್ದರೆ ಕೋನಗಳು ತಾವಾಗಿಯೇ ಸಮವಾಗುತ್ತವೆ. ಅದನ್ನೇ ಮೊದಲು ನೋಡಿದ ಮಗುವಿಗೆ ವ್ಯಾಖ್ಯೆಯಲ್ಲಿ ಎರಡು ನಿಬಂಧನೆಗಳು ಏಕಿವೆ ಎಂಬುದು ತಿಳಿಯುವುದಿಲ್ಲ, ಕೋನ ಸಮವಾದರೆ ಸಾಕು ಎಂಬ ರೂಢಿಯನ್ನು ಅದು ಆಯತಕ್ಕೂ ಹಚ್ಚುತ್ತದೆ. ಮೊದಲ ದಿನ 'ಎಲ್ಲ ಕೋನ 90' ಎಂದು ಬರೆದವರು ಮಾಡಿದ್ದು ಅದನ್ನೇ. ಆದ್ದರಿಂದ ಚತುರ್ಭುಜ ಮೊದಲು, ತ್ರಿಭುಜ ಆಮೇಲೆ ಎಂಬ ಕ್ರಮವನ್ನು ನಾನು ಬಲವಾಗಿ ಸಮರ್ಥಿಸುತ್ತೇನೆ.

ಇದನ್ನು ತೋರಿಸಲು ಎರಡು ಆಕೃತಿಗಳ ಮೇಲೆ ಒಂದೇ ಕ್ರಿಯೆಯನ್ನು ಮಾಡಿಸಿದೆವು. ಆಯತದ ಒಂದು ಬಾಹುವನ್ನು ಅದಕ್ಕೆ ಸಮಾಂತರವಾಗಿ ಒಳಕ್ಕೆ ಸರಿಸಿದರೆ ಕೋನಗಳು ಒಂದಿಷ್ಟೂ ಕೆಡುವುದಿಲ್ಲ. ಅಕ್ಕಪಕ್ಕದ ಎರಡು ಬಾಹುಗಳು ಗಿಡ್ಡವಾಗುತ್ತವೆ, ಸರಿಸಿದ ಬಾಹು ಮಾತ್ರ ಇದ್ದಷ್ಟೇ ಉದ್ದ ಉಳಿಯುತ್ತದೆ, ಅನುಪಾತ ತಪ್ಪುತ್ತದೆ. ತ್ರಿಭುಜದ ಒಂದು ಬಾಹುವನ್ನು ಹಾಗೆಯೇ ಒಳಕ್ಕೆ ಸರಿಸಿದರೆ ಅಕ್ಕಪಕ್ಕದ ಬಾಹುಗಳ ಜೊತೆಗೆ ಸರಿಸಿದ ಬಾಹುವೂ ಗಿಡ್ಡವಾಗುತ್ತದೆ, ಮೂರೂ ಒಂದೇ ಅನುಪಾತದಲ್ಲಿ. ಮಕ್ಕಳು ಅಳೆದು ಇದನ್ನು ಖಚಿತಪಡಿಸಿಕೊಂಡ ಮೇಲೆ, ಏಕೆ ಹೀಗೆ ಎಂಬ ಪ್ರಶ್ನೆ ಅವರದೇ ಆಯಿತು. ಆಗ ಮೂಲ ಸಮಾನುಪಾತತೆಯ ಪ್ರಮೇಯವು (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬುದು) ಪರೀಕ್ಷೆಗಾಗಿ ಕಲಿಯುವ ಸಾಧನೆಯಾಗಿ ಉಳಿಯದೆ ಎದುರಿಗಿದ್ದ ಪ್ರಶ್ನೆಗೆ ಉತ್ತರವಾಗಿ ಬಂತು. ಯೂಕ್ಲಿಡನ 'ಎಲಿಮೆಂಟ್ಸ್' ಗ್ರಂಥದ 6ನೆಯ ಭಾಗದಲ್ಲಿ ಇದರ ಸಾಧನೆ ವಿಸ್ತೀರ್ಣದ ಮೂಲಕವೇ ಸಾಗುತ್ತದೆ: ಒಂದೇ ಪಾದದ ಮೇಲೆ, ಎರಡು ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ ಎಂಬ, ಮಕ್ಕಳಿಗೆ ಒಂಬತ್ತನೆಯ ತರಗತಿಯಿಂದಲೇ ಗೊತ್ತಿರುವ ಸಂಗತಿಯೇ ಅದಕ್ಕೆ ಆಧಾರ. ಇನ್ನೊಂದು ಮಗ್ಗುಲನ್ನು ಕಡ್ಡಿಗಳಿಂದ ತೋರಿಸಲಾಯಿತು. ನಾಲ್ಕು ಸಮ ಕಡ್ಡಿಗಳ ಚೌಕವನ್ನು ಮೂಲೆಯಲ್ಲಿ ಒತ್ತಿದರೆ ಬಾಹುಗಳು ಬದಲಾಗದೆ ಅದು ವಜ್ರಾಕೃತಿಯಾಗುತ್ತದೆ, ಮೂರು ಕಡ್ಡಿಗಳ ತ್ರಿಭುಜ ಒತ್ತಿದರೂ ಜಗ್ಗುವುದಿಲ್ಲ.

ಅಧ್ಯಾಯ ಮುಂದುವರಿದಂತೆ ಬೇರೊಂದು ತೊಡಕು ಎದ್ದಿತು. ತ್ರಿಭುಜ ABC ಯಲ್ಲಿ AB ಮೇಲೆ D, AC ಮೇಲೆ E ಬಿಂದುಗಳಿದ್ದು DE ರೇಖೆಯು BC ಗೆ ಸಮಾಂತರ. AD 3 ಸೆಂ.ಮೀ., DB 2 ಸೆಂ.ಮೀ., BC 10 ಸೆಂ.ಮೀ.; DE ಎಷ್ಟು? ಹಲವರು 3/2 = DE/10 ಎಂದು ಬರೆದು 15 ಸೆಂ.ಮೀ. ಎಂಬ ಉತ್ತರ ಕೊಟ್ಟರು. ಒಳಗಿನ ಗೆರೆ ಪಾದಕ್ಕಿಂತ ಒಂದೂವರೆ ಪಟ್ಟು ಉದ್ದವಾಗಿರುವುದು ಯಾರ ಕಣ್ಣಿಗೂ ಬೀಳಲಿಲ್ಲ. ಪ್ರಮೇಯದಲ್ಲಿ AD/DB ಎಂಬ ಅನುಪಾತ ಬರುವುದರಿಂದ ಅದನ್ನೇ ಇಲ್ಲಿಗೂ ತಂದಿದ್ದರು. ಆದರೆ DB ಎಂಬುದು ಯಾವ ತ್ರಿಭುಜದ ಬಾಹುವೂ ಅಲ್ಲ, ಅದು ಬಾಹುವಿನ ಒಂದು ತುಂಡು. ಹೋಲಿಸಬೇಕಾದುದು AD ಮತ್ತು AB ಗಳನ್ನು; 3/5 = DE/10, ಆದ್ದರಿಂದ DE 6 ಸೆಂ.ಮೀ.

ಇದಕ್ಕೆ ಕಂಡುಕೊಂಡ ಪರಿಹಾರ ತೀರ ಸರಳವಾದುದು. ಒಂದರೊಳಗೊಂದು ಇರುವ ತ್ರಿಭುಜಗಳನ್ನು ಬಿಡಿಸಿ ಅಕ್ಕಪಕ್ಕ ಬರೆಯದೆ ಯಾರೂ ಲೆಕ್ಕ ಆರಂಭಿಸಬಾರದು. ಎರಡನ್ನೂ ಬೇರೆ ಬೇರೆಯಾಗಿ ಬರೆದು, ಪ್ರತಿ ಬಾಹುವಿನ ಪೂರ್ಣ ಅಳತೆಯನ್ನು ಅದರ ಮೇಲೆ ಗುರುತಿಸಿ, ಸಮಕೋನಗಳಿಗೆ ಒಂದೇ ಗುರುತು ಹಾಕಿದ ಮೇಲಷ್ಟೇ △ADE ~ △ABC ಎಂದು ಬರೆಯಬೇಕು. ಅಕ್ಷರಗಳ ಕ್ರಮವೇ ಯಾವ ಬಾಹುವಿಗೆ ಯಾವುದು ಅನುರೂಪ ಎಂದು ಹೇಳುತ್ತದೆಂಬುದು ಮಕ್ಕಳಿಗೆ ಹೊಳೆದದ್ದು ಆಗಲೇ. ಜೊತೆಗೆ, ಉತ್ತರ ಬಂದ ಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿ 'ಇದು ದೊಡ್ಡದಿರಬೇಕೇ, ಚಿಕ್ಕದಿರಬೇಕೇ' ಎಂದು ಕೇಳಿಕೊಳ್ಳುವ ಅಭ್ಯಾಸವನ್ನೂ ರೂಢಿಸಲಾಯಿತು.

ಲಂಬಕೋನ ಶೃಂಗದಿಂದ ವಿಕರ್ಣಕ್ಕೆ (ಲಂಬಕೋನದ ಎದುರಿನ ಬಾಹುವಿಗೆ) ಲಂಬ ಎಳೆದಾಗ ಉಂಟಾಗುವ ಮೂರು ಸಮರೂಪ ತ್ರಿಭುಜಗಳಲ್ಲಿ ಈ ತೊಡಕು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಚಿಕ್ಕ ತ್ರಿಭುಜಗಳು ತಿರುಗಿರುವುದಷ್ಟೇ ಅಲ್ಲ, ದೊಡ್ಡದಕ್ಕೆ ಹೋಲಿಸಿದರೆ ಮಗುಚಿಯೂ ಇರುತ್ತವೆ. 6, 8, 10 ಸೆಂ.ಮೀ. ಬಾಹುಗಳ ಎರಡು ತ್ರಿಭುಜಗಳನ್ನು ಕತ್ತರಿಸಿ, ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಲಂಬದ ಗುಂಟ ಸೀಳಿದರೆ 3.6, 4.8, 6 ಅಳತೆಯ ಒಂದು ತ್ರಿಭುಜವೂ 4.8, 6.4, 8 ಅಳತೆಯ ಇನ್ನೊಂದೂ ಸಿಗುತ್ತವೆ. ಎಷ್ಟೇ ತಿರುಗಿಸಿ ದೊಡ್ಡದರ ಮೂಲೆಯಲ್ಲಿ ಕೂರಿಸಿದರೂ ಅವುಗಳ ಮೂರನೆಯ ಬಾಹು ದೊಡ್ಡದರ ಬಾಹುವಿಗೆ ಸಮಾಂತರವಾಗುವುದಿಲ್ಲ. ಬೋರಲು ಹಾಕಿ ಕೂರಿಸಿದ ಕೂಡಲೇ ಸಮಾಂತರವಾಗುತ್ತದೆ. ಕಾಗದವನ್ನು ಮಗುಚಿದ ಆ ಒಂದು ಕ್ರಿಯೆಯಿಂದ ಮಕ್ಕಳ ಮುಖದಲ್ಲಿ ಮೂಡಿದ ಸ್ಪಷ್ಟತೆ ಕರಿಹಲಗೆಯ ಯಾವ ವಿವರಣೆಯಿಂದಲೂ ಮೂಡಿರಲಿಲ್ಲ. ಪ್ರಮಾಣ ಗುಣಕಗಳು ಇಲ್ಲಿ 0.6 ಮತ್ತು 0.8. ವಿಸ್ತೀರ್ಣಗಳು ದೊಡ್ಡದರ 0.36 ಮತ್ತು 0.64 ಪಟ್ಟು, ಎರಡೂ ಸೇರಿದರೆ ಸರಿಯಾಗಿ 1. ಪೈಥಾಗೊರಸ್ ಪ್ರಮೇಯ ಇದರೊಳಗೇ ಅಡಗಿದೆ ಎಂದು ತೋರಿಸಿದಾಗ ಸಿಗುವ ಸಂತೋಷ ಶಿಕ್ಷಕರಿಗೂ ಕಡಿಮೆಯದಲ್ಲ.

ವಿಸ್ತೀರ್ಣದ ಪಾಠಕ್ಕೆ ಎ4 ಕಾಗದಕ್ಕಿಂತ ಉತ್ತಮವಾದ ಸಾಮಗ್ರಿ ನನಗೆ ಕಂಡಿಲ್ಲ. ಅದರ ಅಳತೆ 210×297 ಮಿ.ಮೀ.; ಎ3 ಹಾಳೆಯದು 297×420. ಎ3 ಹಾಳೆಯೆಂದರೆ ಎರಡು ಎ4. ಆದರೆ ಎ4 ಹಾಳೆಯನ್ನು ಎ3ಗೆ ಹಿಗ್ಗಿಸಲು ಜೆರಾಕ್ಸ್ ಯಂತ್ರದಲ್ಲಿ ಒತ್ತಬೇಕಾದುದು 200 ಅಲ್ಲ, 141 ಪ್ರತಿಶತ. ಏಕೆ ಎಂಬ ಪ್ರಶ್ನೆಯನ್ನು ಕೇಳಿ ಬಿಟ್ಟಾಗ ಮಕ್ಕಳು ಯಂತ್ರ ಅಳೆಯುವುದು ಉದ್ದವನ್ನು, ವಿಸ್ತೀರ್ಣವನ್ನಲ್ಲ ಎಂಬ ತೀರ್ಮಾನಕ್ಕೆ ತಾವೇ ಬಂದರು: 1.41 ಅನ್ನು 1.41ರಿಂದ ಗುಣಿಸಿದರೆ ಸುಮಾರು 2. ಉದ್ದವನ್ನೇ ಇಮ್ಮಡಿ ಮಾಡಿದರೆ ನಾಲ್ಕು ಎ4 ಹಾಳೆಗಳಷ್ಟು ಜಾಗ ಬೇಕು. ಹಾಳೆಯನ್ನು ಅರ್ಧಕ್ಕೆ ಮಡಿಸಿದಾಗ ಅದೇ ಆಕಾರ ಮತ್ತೆ ಸಿಗುವುದು ಉದ್ದ ಮತ್ತು ಅಗಲದ ಅನುಪಾತ √2 ಆಗಿದ್ದಾಗ ಮಾತ್ರ. ನಮ್ಮ 6×4ರ ಆಯತವನ್ನು ಮಡಿಸಿದರೆ 4×3 ಆಗುತ್ತದೆ, ಅದು ಸಮರೂಪವಲ್ಲ. ಅನುಪಾತ x ಎಂದಿಟ್ಟುಕೊಂಡು x² = 2 ಎಂಬ ಸಮೀಕರಣಕ್ಕೆ ತಲುಪಿದ ಗುಂಪೊಂದು, ಅಭಾಗಲಬ್ಧ ಸಂಖ್ಯೆಯೊಂದು ದಿನನಿತ್ಯದ ಹಾಳೆಯಲ್ಲಿ ಇದೆಯೆಂದು ಅಚ್ಚರಿಪಟ್ಟಿತು.

ಅಧ್ಯಾಯ ಮುಗಿದು ಸಾಕಷ್ಟು ಸಮಯ ಕಳೆದ ಮೇಲೆ, ಮುನ್ಸೂಚನೆಯಿಲ್ಲದೆ, ಅಳತೆಗಳನ್ನು ಬದಲಿಸಿ ಮೊದಲಿನಂತಹದೇ ಪ್ರಶ್ನೆಯನ್ನು ಕೊಟ್ಟು ನೋಡಲಾಯಿತು. ಕೂಡಿಸಿ ಉತ್ತರಿಸಿದವರು ಬಹಳ ಕಡಿಮೆಯಾಗಿದ್ದರು, ಕಾರಣ ಬರೆಯುವಲ್ಲಿ ಹಲವರು ಕರ್ಣದ ಪರೀಕ್ಷೆಯ ಚಿತ್ರವನ್ನೇ ಬಳಸಿದ್ದರು. ಆದರೆ ಇನ್ನೊಂದು ಪ್ರಶ್ನೆಯಲ್ಲಿ ಪ್ರಮಾಣ ಗುಣಕ 5/3 ಆಗುವಂತೆ ಅಳತೆಗಳನ್ನು ಕೊಟ್ಟಾಗ, ಒಗಟನ್ನು ಸರಿಯಾಗಿ ಬಿಡಿಸಿದವರಲ್ಲೇ ಕೆಲವರು ಮತ್ತೆ ಕೂಡಿಸುವ ದಾರಿಗೆ ಜಾರಿದ್ದು ಕಂಡುಬಂತು. ಒಂದೂವರೆ, ಎರಡು, ಮೂರು ಪಟ್ಟುಗಳು ಮನಸ್ಸಿಗೆ ಸುಲಭವಾಗಿ ಸಿಗುತ್ತವೆ, 5/3 ಎಂಬಂತಹ ಪಟ್ಟು ಹಾಗೆ ಸಿಗುವುದಿಲ್ಲ. ಲೆಕ್ಕ ಬಿಗಿಯಾದಾಗ ಹಳೆಯ ರೂಢಿ ಮರಳುತ್ತದೆ. ಆ ಮಕ್ಕಳಿಗೆ 3 ಸೆಂ.ಮೀ. ಅಂಚು 5 ಸೆಂ.ಮೀ. ಆಗಬೇಕಾದ, ಉಳಿದ ಅಂಚುಗಳು 6, 9 ಮತ್ತು 4 ಇರುವ ಹೊಸ ಒಗಟನ್ನು ಕೊಡಲಾಯಿತು. 6 ಮತ್ತು 9 ಅನಾಯಾಸವಾಗಿ 10 ಮತ್ತು 15 ಆದವು. 4ರ ಬಳಿ ಎಲ್ಲರೂ ತಡೆದು ನಿಂತರು, ಮತ್ತೆ '1 ಎಷ್ಟಾಗುತ್ತದೆ' ಎಂಬ ಪ್ರಶ್ನೆಗೆ ಮರಳಿ, 5/3ರ ನಾಲ್ಕರಷ್ಟು ಎಂದು 20/3 ಪಡೆದರು. ಬಿಡಿ ಅಳತೆಯ ಬೆಲೆಯನ್ನು ಕಂಡುಕೊಳ್ಳುವ ಈ ಹೆಜ್ಜೆ ಗಟ್ಟಿಯಾಗಲು ಹತ್ತನೆಯ ತರಗತಿಯ ಕೆಲವು ವಾರಗಳು ಸಾಲುವುದಿಲ್ಲ. ತುಂಡು ಜೋಡಿಸುವ ಈ ಒಗಟನ್ನು ಅನುಪಾತವನ್ನು ಮೊದಲು ಕಲಿಸುವ ಕೆಳಗಿನ ತರಗತಿಯಲ್ಲೇ ಆರಂಭಿಸಿ, ಪ್ರತಿ ವರ್ಷ ಸ್ವಲ್ಪ ಕಠಿಣವಾದ ಗುಣಕದೊಂದಿಗೆ ಮತ್ತೆ ಕೊಡುವಂತೆ ಸಹಶಿಕ್ಷಕರೊಂದಿಗೆ ಸೇರಿ ಯೋಜನೆ ಸಿದ್ಧಪಡಿಸುತ್ತಿದ್ದೇವೆ.